ಮನೆಯಲ್ಲಿ ನಿಲ್ಲಿಸಿದ ವಾಹನಗಳ ಇಂಧನಕ್ಕೆ ಕಾವಲು

ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಮುಚ್ಚಿದರೆಂಬ ಗಾದೆಯನ್ನು ಅರಿಯದವರಿಲ್ಲ. ಬತ್ತದ ಕಣಜಕ್ಕೂ, ಅಡಿಕೆಯ ಮೂಟೆಗೂ, ದನದ ಕೊಟ್ಟಿಗೆಗೂ ಹಿರಿಯರ ಕಾಲದಿಂದ ಬಾಗಿಲು, ಅಗುಳಿ, ಬೀಗಗಳ ಏರ್ಪಾಡು ನಡೆದುಬಂದಿರುವುದು. ಆದರೆ ಎತ್ತುಗಳ ಜಾಗದಲ್ಲಿ ಈಗ ಬಂದು ನಿಂತಿರುವ ಟ್ರ್ಯಾಕ್ಟರಿನ ವಿಷಯದಲ್ಲಿ ಆ ಎಚ್ಚರಿಕೆಯು ಇನ್ನೂ ಪೂರ್ಣವಾಗಿ ಮೂಡಿದಂತೆ ಕಾಣುವುದಿಲ್ಲ. ನಮೂನೆಗೆ ತಕ್ಕಂತೆ ಟ್ರ್ಯಾಕ್ಟರಿನ ಟ್ಯಾಂಕು ಸಾಮಾನ್ಯವಾಗಿ 45ರಿಂದ 65 ಲೀಟರ್ ಡೀಸೆಲನ್ನು ಹಿಡಿಯುವುದು. ಲೀಟರಿಗೆ 90 ರೂಪಾಯಿಯಂತೆ ಲೆಕ್ಕ ಹಾಕಿದರೂ, 50 ಲೀಟರಿಗೆ 4,500 ರೂಪಾಯಿ ಆಗುವುದು. ಇಷ್ಟು ನಗದನ್ನು ರಾತ್ರಿಯೆಲ್ಲ ಅಂಗಳದ ಕಟ್ಟೆಯ ಮೇಲೆ ಇಟ್ಟು ಮಲಗುವ ಗೃಹಸ್ಥನು ಯಾವ ಊರಿನಲ್ಲಿಯೂ ಇರಲಾರನು. ಟ್ಯಾಂಕಿನಲ್ಲಿ ತುಂಬಿಸಿ ಮಲಗುವವರು ಬಹು ಮಂದಿ ಇದ್ದಾರೆ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ತುಂಗಾನದಿಯ ಅಣೆಕಟ್ಟಿನ ಬಳಿ ಇರುವ ಗಾಜನೂರಿನ ಸುತ್ತಿನ ಪ್ರದೇಶವು ಈ ವಿಷಯಕ್ಕೆ ಒಳ್ಳೆಯ ನಿದರ್ಶನವಾಗಿದೆ. ಇಲ್ಲಿಂದ ಹೊರಡುವ ನಾಲೆಗಳಿಂದ ಬತ್ತದ ಗದ್ದೆಗಳಿಗೂ ಅಡಿಕೆಯ ತೋಟಗಳಿಗೂ ನೀರು ಒದಗುತ್ತಿದೆ. ಗದ್ದೆಯ ಉಳುಮೆಗೆ ಟ್ರ್ಯಾಕ್ಟರು ಮತ್ತು ಟಿಲ್ಲರು, ತೋಟದ ಕಳೆಗೆ ಪೆಟ್ರೋಲಿನ ವೀಡ್ ಕಟರು, ಮಳೆಗಾಲದಲ್ಲಿ ಕೊಳೆರೋಗದ ಔಷಧಿ ಸಿಂಪಡಿಸಲು ಪವರ್ ಸ್ಪ್ರೇಯರು, ಪೇಟೆಗೆ ಹೋಗಿಬರಲು ಬೈಕು ಎಂಬಂತೆ ಒಂದೊಂದು ಮನೆಯಲ್ಲಿಯೂ ಇಂಧನವನ್ನು ಬೇಡುವ ನಾಲ್ಕಾರು ಯಂತ್ರಗಳು ಸೇರಿಕೊಂಡಿವೆ. ಮನೆಗಳಾದರೋ ಮಲೆನಾಡಿನ ರೀತಿಯಂತೆ ತೋಟದ ಅಂಚಿನಲ್ಲಿ ಒಂದಕ್ಕೊಂದು ದೂರವಾಗಿರುವುವು. ಹೆದ್ದಾರಿಯಲ್ಲಿ ಇರುಳೆಲ್ಲ ಸಂಚಾರ. ಮುಂಗಾರಿನ ಮಳೆಯ ಸದ್ದಿನಲ್ಲಿ ಅಂಗಳದ ಸಪ್ಪಳವು ಒಳಗೆ ಮಲಗಿದವರಿಗೆ ಕೇಳಿಸುವುದಿಲ್ಲ. ನಾಟಿಯ ಕಾಲದಲ್ಲಿಯೇ ಟ್ಯಾಂಕು ತುಂಬಿರುವುದು, ದುಡಿದು ದಣಿದವರಿಗೆ ಗಾಢನಿದ್ರೆ ಹತ್ತುವುದು ಆಗಲೇ. ಕಳ್ಳನಿಗೆ ಇದಕ್ಕಿಂತ ಅನುಕೂಲವಾದ ಕಾಲವು ಬೇರೆ ಬೇಕಾಗಿಲ್ಲ.

ಇಂಧನದ ಕಳವಿನಲ್ಲಿ ಮತ್ತೊಂದು ವಿಶೇಷವುಂಟು. ಕಳವಾದ ಎತ್ತನ್ನು ಅದರ ಕೊಂಬು, ಸುಳಿ, ಬಣ್ಣಗಳಿಂದ ಗುರುತಿಸಬಹುದು. ಕಳವಾದ ಡೀಸೆಲಿಗೆ ಯಾವ ಗುರುತೂ ಇಲ್ಲ. ಒಬ್ಬನ ಟ್ಯಾಂಕಿನಿಂದ ಮತ್ತೊಬ್ಬನ ಟ್ಯಾಂಕಿಗೆ ಬಿದ್ದ ಕ್ಷಣದಲ್ಲಿಯೇ ಅದು ಅವನದಾಗಿಬಿಡುವುದು. ಎರಡನೆಯ ಮಹಾಯುದ್ಧದ ತರುವಾಯ ಪೆಟ್ರೋಲಿನ ಅಭಾವದಲ್ಲಿದ್ದ ಬ್ರಿಟನ್ ದೇಶವು ಇದೇ ತೊಡಕನ್ನು ಎದುರಿಸಿ, 1948ರಲ್ಲಿ ಲಾರಿ ಮೊದಲಾದ ವ್ಯಾಪಾರದ ವಾಹನಗಳ ಪೆಟ್ರೋಲಿಗೆ ಕೆಂಪು ಬಣ್ಣವನ್ನು ಬೆರೆಸುವ ಕಾನೂನನ್ನು ಮಾಡಿತು. ಖಾಸಗಿ ಕಾರಿನಲ್ಲಿ ಕೆಂಪು ಪೆಟ್ರೋಲು ಸಿಕ್ಕಿದರೆ ಶಿಕ್ಷೆಯಾಗುತ್ತಿತ್ತು. ನಮ್ಮ ದೇಶದಲ್ಲಿಯೂ ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣವನ್ನು ಬೆರೆಸಿದುದು ದುರುಪಯೋಗವನ್ನು ಪತ್ತೆಮಾಡುವುದಕ್ಕಾಗಿಯೇ. ರೈತನು ತನ್ನ ಎಣ್ಣೆಗೆ ಬಣ್ಣ ಹಾಕಲಾರನು. ಆತನಿಗಿರುವ ಗುರುತು ಒಂದೇ: ಅಳತೆ ಮತ್ತು ಲೆಕ್ಕ. ಬೀಗ, ದೀಪ, ಕಾವಲುಗಳೆಲ್ಲವೂ ಅದರ ತರುವಾಯ ಬರತಕ್ಕವು.

ಸಂದೇಹಕ್ಕೆ ಮೊದಲು ಅಳತೆ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಬಲ್ಲವರು ಹೇಳಿರುವರು. ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಜಮೀನುದಾರನೊಬ್ಬನು ಮಧ್ಯಾಹ್ನ ಬಂಕಿನಲ್ಲಿ ಟ್ಯಾಂಕನ್ನು ಕಂಠದವರೆಗೆ ತುಂಬಿಸಿದನು. ಮರುದಿನ ಬೆಳಗ್ಗೆ ಮುಚ್ಚಳ ತೆಗೆದು ನೋಡಲು ಎಣ್ಣೆಯು ಎರಡು ಬೆರಳು ಕೆಳಗಿತ್ತು. ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದ್ದವನು ಆಳು ಒಬ್ಬನೇ. ನಾಲ್ಕು ಜನರ ಎದುರಿನಲ್ಲಿ ಒಂದು ಮಾತು ಬಿದ್ದಿತು. ಹತ್ತು ವರ್ಷದಿಂದ ಮನೆಯಲ್ಲಿ ದುಡಿದವನು ಆ ದಿವಸವೇ ಕೆಲಸ ಬಿಟ್ಟು ಹೋದನು. ಆತನ ಮೇಲೆ ಬಿದ್ದ ಹೆಸರು ಊರಿನಲ್ಲಿ ಉಳಿಯಿತು; ನಾಟಿಯ ಕಾಲಕ್ಕೆ ಯಜಮಾನನಿಗೆ ಬೇರೆ ಆಳು ದೊರೆಯಲಿಲ್ಲ. ಹೀಗಾಗಬಹುದಾದ ಮನೆಗಳು ಪ್ರತಿ ಊರಿನಲ್ಲಿಯೂ ಇವೆ. ಆದಕಾರಣ ಎಣ್ಣೆಯು ಕಳ್ಳನಿಲ್ಲದೆಯೂ ಕಡಮೆಯಾಗುವ ಬಗೆಗಳನ್ನು ಮೊದಲು ತಿಳಿದಿರಬೇಕು.

ಮೊದಲನೆಯದು, ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವ ಎಣ್ಣೆಯ ಸ್ವಭಾವ. ಬಿಸಿಲಿನಲ್ಲಿ ದುಡಿದ ಟ್ರ್ಯಾಕ್ಟರಿನಲ್ಲಿ ಎಂಜಿನಿನಿಂದ ಹಿಂದಿರುಗುವ ಡೀಸೆಲೂ ಬಿಸಿಯಾಗಿಯೇ ಟ್ಯಾಂಕನ್ನು ಸೇರುವುದು. ಸಂಜೆಯಿಂದ ಬೆಳಗಿನವರೆಗೆ ಅದು 15 ಡಿಗ್ರಿ ಸೆಂಟಿಗ್ರೇಡಿನಷ್ಟು ತಂಪಾದರೆ, 50 ಲೀಟರಿನಲ್ಲಿ ಅರ್ಧ ಲೀಟರಿಗೂ ಮಿಗಿಲಾಗಿ ಕುಗ್ಗಿ ಕಾಣುವುದು. ಇದನ್ನು ಯಾರೂ ಕದ್ದಿಲ್ಲ. ಟ್ಯಾಂಕಿನ ಕೊರಳು ಕಿರಿದಾಗಿರುವುದರಿಂದ, ಕಂಠದವರೆಗೆ ತುಂಬಿದ್ದಾಗ ಸ್ವಲ್ಪ ಕುಗ್ಗಿದರೂ ಮಟ್ಟವು ಬಹಳ ಇಳಿದಂತೆ ತೋರುವುದು.

ಎರಡನೆಯದು ಸೋರಿಕೆ. ಹಳೆಯ ರಬ್ಬರ್ ಪೈಪಿನ ಬಿರುಕು, ಸಡಿಲವಾದ ಕ್ಲಿಪ್ಪು, ಟ್ಯಾಂಕಿನ ಕೆಳಗಿನ ನಲ್ಲಿ, ಫಿಲ್ಟರಿನ ವಾಷರು ಇವುಗಳಿಂದ ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕಿದರೂ ಹನ್ನೆರಡು ಗಂಟೆಯ ಅವಧಿಯಲ್ಲಿ ಒಂದು ಲೀಟರಿನಷ್ಟು ನೆಲದ ಪಾಲಾಗುವುದು. ಮಣ್ಣಿನ ನೆಲವು ಅದನ್ನು ಹೀರಿಕೊಂಡು ಗುರುತು ತೋರಿಸುವುದಿಲ್ಲ. ರಾತ್ರಿ ಯಂತ್ರದ ಕೆಳಗೆ ಒಂದು ಹಳೆಯ ರಟ್ಟನ್ನು ಹಾಸಿದರೆ ಬೆಳಗ್ಗೆ ನಿಜಾಂಶವು ಗೊತ್ತಾಗುವುದು.

ಮೂರನೆಯದು, ಯಂತ್ರವೇ ಹೆಚ್ಚಾಗಿ ಕುಡಿಯುವುದು. ಧೂಳು ತುಂಬಿದ ಏರ್ ಫಿಲ್ಟರು, ಗಾಳಿ ಸರಿಯಿಲ್ಲದ ಚಕ್ರ, ಕೆಟ್ಟ ನಾಜಲು, ಕೆಸರು ಗದ್ದೆಯಲ್ಲಿ ಚಕ್ರದ ಜಾರಿಕೆ ಇವೆಲ್ಲವೂ ಖರ್ಚನ್ನು ಏರಿಸುವುವು. ಒಣಭೂಮಿಯ ಉಳುಮೆಯ ಲೆಕ್ಕದಿಂದ ಕೆಸರು ಗದ್ದೆಯ ಖರ್ಚನ್ನು ಅಳೆದು ಚಾಲಕನನ್ನು ಸಂದೇಹಿಸುವುದು ನ್ಯಾಯವಲ್ಲ.

ಅಳತೆಕಡ್ಡಿ ಮತ್ತು ಲೆಕ್ಕದ ಪುಸ್ತಕ

ಇಂಧನವನ್ನು ತೋರಿಸುವ ಮುಳ್ಳು ಸ್ಥೂಲವಾದುದು. ಅದನ್ನು ನಂಬಿ ತೀರ್ಮಾನಕ್ಕೆ ಬರಬಾರದು. ಅಳತೆಕಡ್ಡಿಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಟ್ಯಾಂಕಿನ ಎಣ್ಣೆಯು ಬಹುತೇಕ ಮುಗಿದಿರುವ ದಿವಸ ಯಂತ್ರವನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಉಳಿದುದನ್ನು ಬಸಿದು, ಕೊರಳಿನ ಜಾಲರಿಯನ್ನು ತೆಗೆದಿಡಬೇಕು. ನಯವಾಗಿ ಹೆರೆದು ಒಣಗಿಸಿದ ಬಿದಿರಿನ ಸೀಳನ್ನಾಗಲಿ ಅಲ್ಯೂಮಿನಿಯಂ ಪಟ್ಟಿಯನ್ನಾಗಲಿ ತಳ ಮುಟ್ಟುವಂತೆ ನೇರವಾಗಿ ಇಳಿಸಬೇಕು. ಅಳೆದ ಐದೈದು ಲೀಟರ್ ಡೀಸೆಲನ್ನು ಹೊಯ್ದಂತೆಲ್ಲ ಕಡ್ಡಿಯನ್ನು ಇಳಿಸಿ ನೋಡಿ, ತೇವದ ಅಂಚಿನಲ್ಲಿ ಒಂದು ಗೆರೆಯನ್ನು ಕೊರೆಯಬೇಕು. ಟ್ಯಾಂಕಿನ ಆಕಾರವು ಮೇಲೆ ಕೆಳಗೆ ಒಂದೇ ಸಮನಾಗಿರದ ಕಾರಣ ಗೆರೆಗಳ ನಡುವಣ ಅಂತರವೂ ಸಮನಾಗಿರುವುದಿಲ್ಲ. ಒಂದನ್ನು ನೋಡಿ ಉಳಿದವುಗಳನ್ನು ಅಂದಾಜಿನಿಂದ ಕೊರೆಯಬಾರದು. ಜಾಲರಿಯನ್ನು ಪುನಃ ಸ್ವಸ್ಥಾನದಲ್ಲಿ ಕೂರಿಸುವುದನ್ನೂ ಮರೆಯಬಾರದು. ಈ ಕಡ್ಡಿಯು ಡೀಸೆಲ್ ಯಂತ್ರಗಳಿಗೆ ಮಾತ್ರ. ಪೆಟ್ರೋಲಿನ ಟ್ಯಾಂಕನ್ನು ಹೀಗೆ ತೆರೆದು ಅಳೆಯುವುದು ಅಪಾಯಕರವು.

ಪುಸ್ತಕದಲ್ಲಿ ತಾರೀಖು, ಕೊಂಡ ಲೀಟರು, ಮಾಡಿದ ಕೆಲಸ, ಗಂಟೆ ತೋರಿಸುವ ಮೀಟರಿನ ಅಂಕಿ, ರಾತ್ರಿಯ ಅಳತೆ, ಬೆಳಗಿನ ಅಳತೆ ಎಂಬ ಆರು ಕಲಮುಗಳಿದ್ದರೆ ಸಾಕು. ರಾತ್ರಿಯ ಅಳತೆಯನ್ನು ಯಂತ್ರವು ತಣ್ಣಗಾದ ಮೇಲೆ, ಊಟ ಮುಗಿಸಿ, ನಿಲ್ಲಿಸಿದ ಜಾಗದಿಂದ ಕದಲಿಸದೆ ತೆಗೆಯಬೇಕು. ಬೆಳಗಿನ ಅಳತೆಯನ್ನು ಅದೇ ಜಾಗದಲ್ಲಿ ಎಂಜಿನನ್ನು ಹೊರಡಿಸುವ ಮುನ್ನ ತೆಗೆಯಬೇಕು. ಹಳೆಯ ಮಾದರಿಯ ಗಂಟೆಯ ಮೀಟರು ಎಂಜಿನು ನಿಧಾನವಾಗಿ ತಿರುಗಿದಾಗ ತಾನೂ ನಿಧಾನವಾಗಿ ಓಡುವುದೆಂಬುದನ್ನು ನೆನಪಿನಲ್ಲಿಡತಕ್ಕದ್ದು. ಗಡಿಯಾರದ ಎಂಟು ಗಂಟೆಯು ಅದರಲ್ಲಿ ಆರೇ ಆಗಿ ಕಂಡರೆ ಚಾಲಕನು ಸುಳ್ಳು ಹೇಳಿದನೆಂದು ಎಣಿಸಬಾರದು. ಅಳೆಯುವಾಗ ಚಾಲಕನೂ ಎದುರಿನಲ್ಲಿರಬೇಕು, ಪುಸ್ತಕದಲ್ಲಿ ಅವನ ರುಜುವೂ ಇರಬೇಕು. ಪ್ರಾಮಾಣಿಕನಾದ ಆಳಿಗೆ ಈ ಪುಸ್ತಕಕ್ಕಿಂತ ದೊಡ್ಡ ರಕ್ಷಣೆಯು ಬೇರೆ ಇಲ್ಲ.

ಹೀಗೆ ಒಂದು ತಿಂಗಳು ನಡೆಸಿದರೆ ತನ್ನ ಯಂತ್ರವು ಯಾವ ಕೆಲಸಕ್ಕೆ ಗಂಟೆಗೆ ಎಷ್ಟು ಕುಡಿಯುವುದೆಂಬುದು ಮನೆಯವರಿಗೆ ತಾನಾಗಿಯೇ ತಿಳಿಯುವುದು. ಆಮೇಲೆ ನಿಂತ ಯಂತ್ರದಲ್ಲಿ ರಾತ್ರಿಯಿಂದ ಬೆಳಗಿನೊಳಗೆ ನಾಲ್ಕೈದು ಲೀಟರು ಇಳಿದು, ಕೆಳಗಿನ ರಟ್ಟು ಒಣಗಿಯೇ ಇದ್ದರೆ, ಅದು ಕಳವೇ ಸರಿ ಎಂದು ಧೈರ್ಯವಾಗಿ ಹೇಳಬಹುದು.

ಕೊಟ್ಟಿಗೆ, ಬೀಗ ಮತ್ತು ಬೆಳಕು

ವಾಹನದ ಕಾವಲಿಗೆ ಮೊದಲನೆಯ ಸಾಧನವು ಬಾಗಿಲುಳ್ಳ ಕೊಟ್ಟಿಗೆ. ಅದಕ್ಕೆ ಅನುಕೂಲವಿಲ್ಲದವರು ಟ್ಯಾಂಕಿನ ಮುಚ್ಚಳವಿರುವ ಮಗ್ಗುಲು ಗೋಡೆಗೆ ತಾಗುವಷ್ಟು ಸಮೀಪವಾಗಿ ನಿಲ್ಲಿಸಿ, ಕೈ ಹೋಗಲು ಎಡೆಯಿಲ್ಲದಂತೆ ಮಾಡಬಹುದು. ಮಲಗುವ ಕೋಣೆಯ ಕಿಟಕಿಯ ಕಡೆಗೆ ನಿಲ್ಲಿಸುವುದು ರಸ್ತೆಯ ಕಡೆಗೆ ನಿಲ್ಲಿಸುವುದಕ್ಕಿಂತ ಎಷ್ಟೋ ಮೇಲು. ಸಂಚಾರವನ್ನು ಕಂಡೊಡನೆ ತಾನಾಗಿ ಹೊತ್ತಿಕೊಳ್ಳುವ ಸೌರದೀಪಗಳು ಈಗ ದೊರೆಯುತ್ತಿದ್ದು, ಕರೆಂಟು ಹೋಗುವ ಮಳೆಗಾಲದಲ್ಲಿಯೂ ಅವು ಉಪಯೋಗಕ್ಕೆ ಬರುವುವು. ಬೊಗಳುವ ನಾಯಿಯ ಬೆಲೆಯು ಎಲ್ಲರಿಗೂ ತಿಳಿದೇ ಇದೆ. ಆದರೆ ಪರಿಚಿತನನ್ನು ಕಂಡು ಬಾಲ ಅಲ್ಲಾಡಿಸುವ ನಾಯಿಯು ಪರಿಚಿತನಾದ ಕಳ್ಳನಿಗೆ ಅಡ್ಡಿಯಾಗುವುದಿಲ್ಲವೆಂಬುದನ್ನೂ ಲಕ್ಷ್ಯದಲ್ಲಿಡಬೇಕು.

ಬೀಗವಿರುವ ಮುಚ್ಚಳವನ್ನು ತಪ್ಪದೆ ಹಾಕಿಸಬೇಕು. ಕೊರಳಿನೊಳಗಿನ ಜಾಲರಿಯು ಗಟ್ಟಿಯಾಗಿದ್ದರೆ ಪೈಪು ಒಳಗೆ ಇಳಿಯುವುದಿಲ್ಲ. ಮುಚ್ಚಳವನ್ನು ಭದ್ರಮಾಡುವ ಭರದಲ್ಲಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು ಕಟ್ಟಬಾರದು. ಗಾಳಿಯಾಡುವುದಕ್ಕೆ ಮುಚ್ಚಳದಲ್ಲಿರುವ ಸಣ್ಣ ರಂಧ್ರವು ಮುಚ್ಚಿಹೋದರೆ ಎಣ್ಣೆಯು ಸರಾಗವಾಗಿ ಇಳಿಯದೆ ಎಂಜಿನು ನಡುವೆ ನಿಂತುಹೋಗುವುದು. ಮೇಲೆ ಬೀಗವಿದ್ದರೆ ಕಳ್ಳನು ಕೆಳಗೆ ಕೈಹಾಕುವನು. ಟ್ಯಾಂಕಿನ ಕೆಳಗಿನ ನಲ್ಲಿ ಅಥವಾ ಪೈಪನ್ನು ಕಳಚಿ ಕ್ಯಾನಿಗೆ ಇಳಿಸಿಕೊಳ್ಳುವುದು ಎರಡು ನಿಮಿಷದ ಕೆಲಸ. ಆದುದರಿಂದ ಆ ಭಾಗಕ್ಕೆ ತೂತುಗಳುಳ್ಳ ಒಂದು ತಗಡಿನ ಕವಚವನ್ನು ಊರಿನ ವೆಲ್ಡಿಂಗಿನವರಿಂದ ಮಾಡಿಸಿ, ಬೋಲ್ಟಿನಿಂದ ಬಿಗಿಸುವುದು ಲೇಸು. ಕವಚವನ್ನು ಟ್ಯಾಂಕಿಗೆ ಬೆಸೆಯಿಸುವುದಂತೂ ಪ್ರಾಣಾಪಾಯದ ಕೆಲಸ. ಎಣ್ಣೆ ಖಾಲಿಯಾದ ಟ್ಯಾಂಕಿನಲ್ಲಿಯೂ ಆವಿಯು ಉಳಿದಿದ್ದು ಸಿಡಿಯುವ ಸಂಭವವುಂಟು.

ರಾತ್ರಿ ಟ್ಯಾಂಕನ್ನು ಖಾಲಿ ಇಟ್ಟರೆ ಕಳ್ಳನಿಗೆ ಏನೂ ದೊರೆಯುವುದಿಲ್ಲವಲ್ಲ ಎಂದು ಕೆಲವರು ಎಣಿಸಬಹುದು. ಮಲೆನಾಡಿನ ಹವೆಯಲ್ಲಿ ಇದು ಸರಿಯಾದ ಉಪಾಯವಲ್ಲ. ಖಾಲಿ ಟ್ಯಾಂಕಿನೊಳಗೆ ತೇವದ ಗಾಳಿಯು ತುಂಬಿ, ರಾತ್ರಿಯ ತಂಪಿಗೆ ನೀರಾಗಿ ಇಳಿದು, ಡೀಸೆಲಿನ ಕೆಳಗೆ ಸೇರಿ, ಪಂಪು ಮತ್ತು ನಾಜಲುಗಳಿಗೆ ತುಕ್ಕು ಹಿಡಿಸುವುದು. ಕಳವಾದ ಹತ್ತು ಲೀಟರಿಗಿಂತ ಕೆಟ್ಟ ಪಂಪಿನ ಖರ್ಚು ದೊಡ್ಡದು. ಆದಕಾರಣ ಬೀಗ ಹಾಕಿದ ಕೊಟ್ಟಿಗೆಯಲ್ಲಿ ನಿಲ್ಲಿಸುವ ಯಂತ್ರವನ್ನು ತುಂಬಿಯೇ ಇಡತಕ್ಕದ್ದು. ಗದ್ದೆಯಲ್ಲಿ ಒಂದೆರಡು ರಾತ್ರಿ ಬಿಟ್ಟುಬರಲೇಬೇಕಾದ ಯಂತ್ರದಲ್ಲಿ ಮಾತ್ರ ಮರುದಿನಕ್ಕೆ ಬೇಕಾದಷ್ಟನ್ನೇ ಉಳಿಸತಕ್ಕದ್ದು. ಟಿಲ್ಲರಿನ ಟ್ಯಾಂಕು ಚಿಕ್ಕದಾದುದರಿಂದ ಅದನ್ನು ದಿನದ ಲೆಕ್ಕಕ್ಕೆ ತುಂಬಿಸುವುದು ಕಷ್ಟವಲ್ಲ.

ಶಿವಮೊಗ್ಗ ಜಿಲ್ಲೆಯ ತೋಟ ಗದ್ದೆಗಳಲ್ಲಿ ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆಯೆಂಬ ಫಲಕಗಳನ್ನು ಹಲವು ಕಡೆ ಕಾಣಬಹುದು. ದೈವಭಕ್ತಿಯುಳ್ಳ ನೆರೆಯವನ ಕೈಯನ್ನು ಆ ಫಲಕವು ತಡೆಯುವುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇರುಳಿನಲ್ಲಿ ಹೆದ್ದಾರಿಯಿಂದ ಇಳಿದುಬರುವ ಅಪರಿಚಿತನು ಫಲಕವನ್ನು ಓದುವ ಗೋಜಿಗೆ ಹೋಗಲಾರನು. ಭಕ್ತಿಯಿರಲಿ, ಬೀಗವೂ ಇರಲಿ.

ಕ್ಯಾನುಗಳಲ್ಲಿ ಕೂಡಿಡುವ ಎಣ್ಣೆ

ವಾಹನದಲ್ಲಿದ್ದರೆ ಕಳವಾಗುವುದೆಂದು ಎಣ್ಣೆಯನ್ನು ಕ್ಯಾನುಗಳಲ್ಲಿ ತುಂಬಿ ಮನೆಯೊಳಗೆ ಇಡುವವರುಂಟು. ಕಳವಿನ ಭಯದಿಂದ ಬೆಂಕಿಯ ಭಯಕ್ಕೆ ಹೋದಂತಾಗುವುದು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದು. ಅದು ನೆಲವನ್ನು ಹಿಡಿದು ಹರಿದು, ದೂರದ ಒಲೆಯ ಕಿಡಿಯನ್ನು ತಲುಪಬಲ್ಲುದು. ಅಡಿಕೆಯ ಕೊಯ್ಲಿನ ಕಾಲದಲ್ಲಿ ಅಂಗಳದಲ್ಲಿಯೇ ಹಂಡೆಯಿಟ್ಟು ಅಡಿಕೆಯನ್ನು ಬೇಯಿಸುವ ಮನೆಗಳಲ್ಲಿ ಈ ಎಚ್ಚರಿಕೆಯು ಅತ್ಯಾವಶ್ಯಕವು. ಹುಲ್ಲಿನ ಬಣವೆ, ಸೌದೆ, ಒಲೆ, ದೇವರ ದೀಪ ಇವುಗಳ ಸಮೀಪದಲ್ಲಿ ಇಂಧನವನ್ನು ಎಂದಿಗೂ ಇಡಬಾರದು. 1934ರ ಪೆಟ್ರೋಲಿಯಂ ಕಾಯಿದೆಯ ಮೇರೆಗೆ, ಮಾರಾಟಕ್ಕಲ್ಲದ ಪೆಟ್ರೋಲನ್ನು ಲೈಸೆನ್ಸಿಲ್ಲದೆ ಒಟ್ಟು 30 ಲೀಟರಿನವರೆಗೆ ಮಾತ್ರ ಇಟ್ಟುಕೊಳ್ಳಬಹುದು. ಅದೂ ಬಿಗಿಯಾದ ಮುಚ್ಚಳವುಳ್ಳ, 25 ಲೀಟರಿಗೆ ಮೀರದ ಲೋಹದ ಡಬ್ಬಿಗಳಲ್ಲಿ ಇರಬೇಕು. ಗಾಜಿನ ಸೀಸೆಯಾದರೆ ಒಂದು ಲೀಟರನ್ನು ಮೀರಬಾರದು. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುವುದರಿಂದ ಅದು ಗಾಳಿಯ ತೇವವನ್ನು ಹೀರುವುದು. ಬಹುಕಾಲ ಕೂಡಿಟ್ಟರೆ ಯಂತ್ರಕ್ಕೂ ಹಿತವಲ್ಲ. ವಾರಕ್ಕೆ ಬೇಕಾದಷ್ಟನ್ನೇ ತಂದು, ಮನೆಯಿಂದ ಬೇರೆಯಾದ, ಗಾಳಿಯಾಡುವ ಕೋಣೆಯಲ್ಲಿ ಬೀಗ ಹಾಕಿ ಇಡುವುದೇ ಉಚಿತವು.

ರಾತ್ರಿ ಟ್ಯಾಂಕನ್ನು ಪರೀಕ್ಷಿಸುವಾಗ ಬೆಂಕಿಕಡ್ಡಿಯನ್ನಾಗಲಿ ಲಾಟೀನನ್ನಾಗಲಿ ಹತ್ತಿರ ತರಬಾರದು; ಟಾರ್ಚನ್ನೇ ಬಳಸಬೇಕು.

ಬಾಯಿಂದ ಎಳೆಯುವ ಅಪಾಯ

ಬೈಕಿನಿಂದ ಪೆಟ್ರೋಲನ್ನು ಪೈಪಿನ ಮೂಲಕ ಬಾಯಿಂದ ಎಳೆಯುವುದು ಕಳ್ಳರಷ್ಟೇ ಮಾಡುವ ಕೆಲಸವಲ್ಲ; ವೀಡ್ ಕಟರಿಗೆ ಬೇಕೆಂದು ಮನೆಯ ಹುಡುಗರೂ ಆಳುಗಳೂ ಹೀಗೆಯೇ ಮಾಡುವರು. ಒಂದು ಗುಟುಕು ತಪ್ಪಿ ಶ್ವಾಸಕೋಶವನ್ನು ಸೇರಿದರೆ ಅಲ್ಲಿ ಉರಿಯೂತವುಂಟಾಗಿ ಪ್ರಾಣಕ್ಕೇ ಸಂಚಕಾರ ಬರುವುದು. ಇಂಥ ಸಂದರ್ಭದಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ದೊಡ್ಡ ತಪ್ಪು. ವಾಂತಿಯೊಡನೆ ಎಣ್ಣೆಯು ಮತ್ತೊಮ್ಮೆ ಶ್ವಾಸನಾಳಕ್ಕೆ ನುಗ್ಗುವುದು. ಕೂಡಲೇ 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಕೈಪಂಪೊಂದು ಮನೆಯಲ್ಲಿದ್ದರೆ ಈ ಅಭ್ಯಾಸವನ್ನು ಬಿಡಿಸಬಹುದು.

ಕಳವು ನಡೆದ ಮೇಲೆ

ಕಳವು ನಿಶ್ಚಯವೆಂದು ಕಂಡುಬಂದರೆ ಬೀಗ, ಪೈಪು, ಹೆಜ್ಜೆಗುರುತುಗಳನ್ನು ಮುಟ್ಟದೆ ಹಾಗೆಯೇ ಬಿಟ್ಟು, 112ಕ್ಕೆ ಇಲ್ಲವೆ ಸಮೀಪದ ಠಾಣೆಗೆ ತಿಳಿಸಬೇಕು. ಲೆಕ್ಕದ ಪುಸ್ತಕವನ್ನೂ ಬಂಕಿನ ರಸೀತಿಗಳನ್ನೂ ತೋರಿಸಬೇಕು. 2024ನೆಯ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನ ಮೇರೆಗೆ, 5,000 ರೂಪಾಯಿಗಿಂತ ಕಡಮೆ ಬೆಲೆಯ ವಸ್ತುವನ್ನು ಕದ್ದು ಮೊದಲ ಸಾರಿ ಶಿಕ್ಷೆಗೊಳಗಾದವನು ವಸ್ತುವನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯ ಶಿಕ್ಷೆಯನ್ನು ವಿಧಿಸುವುದುಂಟು. ಆದರೆ ವಾಸದ ಮನೆಯಿಂದಾಗಲಿ, ವಸ್ತುಗಳನ್ನು ಕಾಪಾಡಲು ಉಪಯೋಗಿಸುವ ಕಟ್ಟಡದಿಂದಾಗಲಿ ಕದ್ದರೆ 305ನೆಯ ಕಲಮಿನ ಮೇರೆಗೆ ಏಳು ವರ್ಷಗಳವರೆಗೆ ಕಾರಾಗೃಹವಾಸ ಮತ್ತು ಜುಲ್ಮಾನೆ ಆಗಬಹುದು. ಬಯಲಿನಲ್ಲಿ ನಿಲ್ಲಿಸುವುದಕ್ಕೂ ಕೊಟ್ಟಿಗೆಯಲ್ಲಿ ನಿಲ್ಲಿಸುವುದಕ್ಕೂ ಕಾನೂನಿನ ದೃಷ್ಟಿಯಲ್ಲಿಯೂ ಇರುವ ಅಂತರವು ಇದರಿಂದ ವೇದ್ಯವಾಗುವುದು.

ಊರಿನ ಮುಖಂಡರಿಗೆ ಇಲ್ಲಿ ವಿಶೇಷವಾದ ಹೊಣೆಯುಂಟು. ಸಂದೇಹಕ್ಕೆ ಸಿಕ್ಕಿದವನನ್ನು ಅರಳಿಕಟ್ಟೆಗೆ ಎಳೆತಂದು ಹೊಡೆಯುವುದು, ದಂಡ ಹಾಕುವುದು, ದೇವರ ಮುಂದೆ ಆಣೆ ಮಾಡೆಂದು ಬಲವಂತಪಡಿಸುವುದು ಇವು ಯಾವುವೂ ನ್ಯಾಯವಲ್ಲ; ಹೊಡೆತವೂ ಬಲವಂತವೂ ಸ್ವತಃ ಅಪರಾಧಗಳಾಗಿವೆ. ಇಂಥ ಸಮಯದಲ್ಲಿ ಮೊದಲು ಬೆರಳು ತೋರುವುದು ಬಡವನ ಕಡೆಗೇ ಎಂಬುದನ್ನು ಅನುಭವಸ್ಥರು ಬಲ್ಲರು. ದೂರು ತಂದವನನ್ನು ಮುಖಂಡರು ಕೇಳತಕ್ಕ ಮೊದಲನೆಯ ಪ್ರಶ್ನೆಯು ಯಾರ ಮೇಲೆ ಸಂದೇಹವೆಂಬುದಲ್ಲ. ಎಷ್ಟು ಕಡಮೆಯಾಯಿತು, ಅಳೆದುದು ಯಾವಾಗ, ಪುಸ್ತಕವೆಲ್ಲಿ ಎಂಬುದು. ಇದಕ್ಕೆ ಉತ್ತರವಿಲ್ಲದಿದ್ದರೆ ದೂರಿಗೂ ಆಧಾರವಿಲ್ಲ.

ನಾಲ್ಕಾರು ಮನೆಗಳವರು ಕೂಡಿ ನಾಟಿ ಮತ್ತು ಕೊಯ್ಲಿನ ತಿಂಗಳುಗಳಲ್ಲಿ ಸರದಿಯ ಮೇಲೆ ಇರುಳಿನಲ್ಲಿ ಒಂದು ಸುತ್ತು ಬರುವುದು, ಗದ್ದೆಯಲ್ಲಿ ಉಳಿಯುವ ಯಂತ್ರಗಳನ್ನು ಒಂದೇ ಕಡೆ ಸೇರಿಸಿ ನಿಲ್ಲಿಸುವುದು, ಅಪರಿಚಿತ ವಾಹನವು ಹೆಚ್ಚು ಹೊತ್ತು ನಿಂತಿದ್ದರೆ ಒಬ್ಬರಿಗೊಬ್ಬರು ಫೋನಿನಲ್ಲಿ ತಿಳಿಸುವುದು, ಇವೆಲ್ಲ ಖರ್ಚಿಲ್ಲದ ಏರ್ಪಾಡುಗಳು. ಬಿದಿರಿನ ಒಂದು ಸೀಳು, ಒಂದು ಪುಸ್ತಕ, ಒಂದು ಬೀಗ ಇವಿಷ್ಟನ್ನು ಮುಂದಿನ ಮುಂಗಾರಿಗೆ ಮೊದಲೇ ಪ್ರತಿಯೊಂದು ಮನೆಯವರೂ ಸಿದ್ಧಪಡಿಸಿಕೊಂಡರೆ, ರೈತನ ಎಣ್ಣೆಯು ರೈತನ ಗದ್ದೆಗೇ ಸಲ್ಲುವುದು. ಆತನ ಮನೆಯಲ್ಲಿ ದುಡಿಯುವವನ ಮಾನವೂ ಉಳಿಯುವುದು.